ಅತ್ತೆಗೆ ಮೂರು ಸಬ್ಜೆಕ್ಟು ಸಾಲದು

ನನ್ನ ಸೋದರತ್ತೆಯೂ ನಾನೂ ಕ್ಲಾಸ್‌ಮೇಟ್ಸ್ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ವಯಸ್ಸನ್ನು ಅಂದಾಜು ಮಾಡುವವರಂತೆ ಒಮ್ಮೆ ಮುಖ ನೋಡುತ್ತಾರೆ. ಅವರ ಅಂದಾಜು ತಪ್ಪು. ನಾನು ಡಿಗ್ರಿಗೆ ಸೇರಿದ್ದು ಎಲ್ಲರೂ ಸೇರುವ ವಯಸ್ಸಿನಲ್ಲೇ. ತಡವಾಗಿ ಬಂದವಳು ಅತ್ತೆ. ಹಾಗೆ ತಡವಾಗಿ ಬಂದವರು ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತು ಎದ್ದು ಹೋಗಬೇಕು ತಾನೇ? ಮದುವೆ ಊಟಕ್ಕೆ ಕೊನೇ ಪಂಕ್ತಿಯಲ್ಲಿ ಕೂತರೂ ಮೊದಲ ಪಂಕ್ತಿಗೆ ಬಡಿಸಿದ್ದೆಲ್ಲ ತನ್ನ ಎಲೆಗೂ ಬರಲೇಬೇಕೆಂದು ಹಟ ಹಿಡಿಯುವವರು ಇರುತ್ತಾರಲ್ಲ, ಅತ್ತೆ ಆ ಪೈಕಿ. ಬಿ.ಎ.ಗೆಂದು ಸೇರಿ, ಆ ಕಾಲೇಜಿನಲ್ಲಿ ಹೇಳಿಕೊಡುತ್ತಿದ್ದ ಹೆಚ್ಚುಕಡಿಮೆ ಎಲ್ಲ ವಿಷಯಗಳ ಮೇಲೂ ಕೈ ಹಾಕಿದ ವಿದ್ಯಾರ್ಥಿ ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ನನಗೆ ತಿಳಿಸಿ. ಅವರ ಮನೆಯವರ ಜೊತೆ ಕೂತು ಕಷ್ಟಸುಖ ಹಂಚಿಕೊಳ್ಳುತ್ತೇನೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಮ್ಮೂರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ಮಧ್ಯೆ, ಟಾರು ರಸ್ತೆಯಿಂದ ಸ್ವಲ್ಪ ಒಳಗೆ. ಹೊಗೆಸೊಪ್ಪು, ರಾಗಿ, ನಾಲ್ಕು ದನ, ಇಷ್ಟು ನಮ್ಮ ಮನೆಯ ಸಂಸಾರ. ಅತ್ತೆ ನಮ್ಮಪ್ಪನ ಒಬ್ಬಳೇ ತಂಗಿ. ಅವಳು ಪಿಯುಸಿ ಪಾಸಾದ ವರ್ಷವೇ ಅಜ್ಜಿ ಲಕ್ವ ಹೊಡೆದು ಹಾಸಿಗೆ ಹಿಡಿದಳಂತೆ. ಅಪ್ಪ ಹೊಲಕ್ಕೆ ಹೋಗಬೇಕು, ನಮ್ಮವ್ವನ ಕಂಕುಳಲ್ಲಿ ನಾನು. ಹಾಗಾಗಿ ಅತ್ತೆ ಮನೆಯಲ್ಲಿ ಉಳಿದಳು. ನಡುವೆ ಗಂಡಿನ ಕಡೆಯವರು ನೋಡಲು ಬಂದದ್ದೂ ಉಂಟು. ಕೆ.ಆರ್. ನಗರದಿಂದ ಬಂದಿದ್ದ ಒಬ್ಬನನ್ನು ಇವಳೇ ಕೇಳಿದಳಂತೆ, "ಮದ್ವೆ ಆದ್ಮೇಲೆ ನಮ್ಮವ್ವನ್ನೂ ಕರ್ಕೊಂಡ್ ಬತ್ತೀನಿ, ನಿಮ್ ಮನೇಲಿ ಮಂಚ ಎಲ್ ಮಡಗ್ತೀರಿ?" ಆ ಹುಡುಗ ಲೋಟದ ಕಾಫಿಯನ್ನು ಪೂರ್ತಿ ಕುಡಿಯದೆ ಎದ್ದ. ಆಮೇಲೆ ಬಂದವರಿಗೆ ಅತ್ತೆ ಕಾಫಿಯನ್ನೂ ಅರ್ಧ ಲೋಟವೇ ಕೊಡುತ್ತಿದ್ದಳು ಎಂದು ಅವ್ವ ಹೇಳುತ್ತಾಳೆ, ನಾನು ನೋಡಿಲ್ಲ.

ನಾನು ಪಿಯುಸಿ ಮುಗಿಸುವ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು. ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಪ್ಪ ಹುಣಸೂರಿಗೆ ಹೊರಟು ನಿಂತು, ಮಗಳಿಗೆ ಕಾಲೇಜಿನ ಅರ್ಜಿ ತರುವುದಾಗಿ ಹೇಳಿದ. ಜಗುಲಿಯಲ್ಲಿ ರಾಗಿ ಕೇರುತ್ತಿದ್ದ ಅತ್ತೆ ಮೊರ ನಿಲ್ಲಿಸದೆಯೇ ಅಂದಳು:

"ಎರಡು ತಕ್ಕಂಬಾ ಅಣ್ಣ."

"ಎರಡ್ಯಾಕೆ? ತೆಪ್ ಬರ್ದಾಳು ಅಂತ್ಲಾ?"

"ಒಂದು ನಂಗೆ."

ಅಪ್ಪ ನಕ್ಕ. ಅವಳು ನಗಲಿಲ್ಲ. ಅಪ್ಪ ನಗು ನಿಲ್ಲಿಸಿ ಅವ್ವನ ಮುಖ ನೋಡಿದ. ಅವ್ವ, "ತಕ್ಕಂಬನ್ನಿ, ಅದಕ್ಕೇನು ಬೀಜ ಗೊಬ್ರ ಆಕ್ಬೇಕಾ?" ಎಂದು ಒಳಗೆ ಹೋದಳು. ಅಲ್ಲಿಗೆ ತೀರ್ಮಾನವಾಯಿತು.

ಅಡ್ಮಿಷನ್ ದಿನ ನನ್ನ ಯೋಜನೆ ಸ್ಪಷ್ಟವಾಗಿತ್ತು. ಊರಿನ ಹಿರಿಯ ವಿದ್ಯಾರ್ಥಿನಿಯೊಬ್ಬಳು ಹೇಳಿಕೊಟ್ಟಿದ್ದಳು: ಹಿಸ್ಟರಿ, ಎಕನಾಮಿಕ್ಸ್, ಸೋಷಿಯಾಲಜಿ ತೆಗೆದುಕೋ, ಮಧ್ಯಾಹ್ನದ ಬಸ್ಸಿಗೆ ಮನೆ ಸೇರಬಹುದು. ಸೋಷಿಯಾಲಜಿಯಲ್ಲಂತೂ ನಮ್ಮೂರ ವಿಷಯವನ್ನೇ ಸ್ವಲ್ಪ ದೊಡ್ಡ ಮಾತುಗಳಲ್ಲಿ ಬರೆದರೆ ಪಾಸು. ಇದಕ್ಕಿಂತ ಹಗುರವಾದ ವಿದ್ಯೆ ಈ ಭೂಮಿಯ ಮೇಲೆ ಇರಲಿಲ್ಲ, ಹಾಗಾಗಿ ನನಗೆ ಅದೇ ಬೇಕಿತ್ತು.

ಮೇಜಿನ ಹಿಂದೆ ಕೂತಿದ್ದ ಮೇಷ್ಟ್ರು ನನ್ನ ಅರ್ಜಿ ನೋಡಿ, ಅತ್ತೆಯ ಕಡೆ ತಿರುಗಿ, "ಮಗಳ ಕಾಂಬಿನೇಷನ್ ನಿಮಗೆ ಒಪ್ಪಿಗೆನಾಮ್ಮ?" ಎಂದು ವಿನಯದಿಂದ ಕೇಳಿದರು.

"ಅವ್ಳು ನಮ್ಮಣ್ಣನ ಮಗ್ಳು. ಒಪ್ಗೆ ಅವರಪ್ಪ ಕೊಟ್ಟವ್ನೆ. ಇದು ನಂದು ಸಾರ್" ಎಂದು ಅತ್ತೆ ತನ್ನ ಅರ್ಜಿ ಮುಂದಿಟ್ಟಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅತ್ತೆ ಅಷ್ಟರಲ್ಲಿ ಗೋಡೆಗೆ ಅಂಟಿಸಿದ್ದ ವಿಷಯಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಿದ್ದಳು.

"ಸಾರ್, ಇದ್ರಲ್ಲಿ ಎಷ್ಟು ತಕ್ಕೋಬಹುದು?"

"ಮೂರು ಐಚ್ಛಿಕ, ಎರಡು ಭಾಷೆ."

"ಮೂರೇನಾ? ಜಾಗ್ರಫಿನೂ ಚೆನ್ನಾಗದೆ, ಪೊಲಿಟಿಕಲ್ ಸೈನ್ಸೂ ಅದೆ."

"ಚೆನ್ನಾಗಿದೆ ಅಂತ ಎಲ್ಲಾ ತಗೊಳ್ಳೋಕೆ ಆಗಲ್ಲಮ್ಮ. ವಿದ್ಯಾರ್ಥಿಗಳಿಗೆ ಹೊರೆ ಆಗುತ್ತೆ."

"ಹೊರೆ" ಎಂಬ ಮಾತು ಕೇಳಿ ಅತ್ತೆ ಒಂದು ಕ್ಷಣ ಅವರನ್ನೇ ನೋಡಿದಳು. ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ನೀರಿನ ಬಿಂದಿಗೆ ಹಿಡಿದು ಗದ್ದೆ ಬದುವಿನ ಮೇಲೆ ನಡೆದು ಅಭ್ಯಾಸವಿದ್ದವಳಿಗೆ ಪುಸ್ತಕದ ಹೊರೆಯ ಮಾತು ಹೇಳಿದರೆ ಹೇಗೆ? "ಬಸ್ ಚಾರ್ಜು ಒಂದಕ್ಕೂ ಅಷ್ಟೆ, ಅತ್ತಕ್ಕೂ ಅಷ್ಟೆ ಸಾರ್. ಬಂದೋರು ಸುಮ್ಕೆ ಕುಂತು ಓಗದ್ಯಾಕೆ?" ಎಂದಳು. ಮೇಷ್ಟ್ರು ಯೂನಿವರ್ಸಿಟಿಯ ನಿಯಮದ ಪುಸ್ತಕ ತೆರೆದು, ಮೂರು ಎಂದು ಬರೆದಿದ್ದಲ್ಲಿ ಬೆರಳಿಟ್ಟು ತೋರಿಸಿದರು. ಕೊನೆಗೆ ನನ್ನ ಮೂರನ್ನೇ ಅವಳಿಗೂ ಬರೆದು ಕಳಿಸಿದರು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾನು ಸಮಾಧಾನ ಹೇಳಿದೆ: "ಮೂರು ಸಾಕು ಬುಡತ್ತೆ. ಮಧ್ಯಾನ್ಕೆ ಮನೆಗ್ ಓಗಿ ಮಲೀಕಬೋದು."

"ಮಲಗದಾದ್ರೆ ಮನೇಲೇ ಇರ್ಬೋದಿತ್ತಲ್ಲ ಮಗ" ಎಂದಳು ಅತ್ತೆ. ದಾರಿಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡು ಕಂಡಿತು. ಅವಳು ನಿಂತಳು. ನನಗೆ ಅಲ್ಲೇ ಭಯ ಹುಟ್ಟಿತು.

ಭಯ ಸುಳ್ಳಾಗಲಿಲ್ಲ. ಒಂದು ತಿಂಗಳಲ್ಲಿ ಅತ್ತೆಯ ದಿನಚರಿ ಹೀಗಿತ್ತು: ಬೆಳಿಗ್ಗೆ ನಮ್ಮ ಮೂರು ವಿಷಯ, ಬಿಡುವಿನ ಪೀರಿಯಡ್ಡಿನಲ್ಲಿ ಬೇರೆಯವರ ಜಾಗ್ರಫಿ, ಊಟದ ಹೊತ್ತಿನಲ್ಲಿ ಟೈಪಿಂಗು, ಸಂಜೆ ಕಾಲೇಜಿನ ಹೊರಗೆ ಹಿಂದಿಯ ಖಾಸಗಿ ಪರೀಕ್ಷೆಗೆ ಪಾಠ. ಅವಳಿಗಾಗಿ ಕಾದು ನಾನೂ ಸಂಜೆಯ ಬಸ್ಸಿಗೇ ಬರಬೇಕು. ಮಧ್ಯಾಹ್ನದ ನಿದ್ದೆಗೆಂದೇ ಆರಿಸಿಕೊಂಡ ಕಾಂಬಿನೇಷನ್ನು ಹೀಗೆ ಮಣ್ಣುಪಾಲಾಯಿತು.

ಜಾಗ್ರಫಿ ಕ್ಲಾಸಿನ ಮೊದಲ ದಿನದ ಕತೆಯನ್ನು ಹೇಳಲೇಬೇಕು. ಅತ್ತೆ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು, ಕೈಯಲ್ಲಿ ಛತ್ರಿ ಹಿಡಿದು ಕೊನೇ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಾಳೆ. ಮೇಷ್ಟ್ರು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ. ಇವಳನ್ನು ಕಂಡವರೇ, ಮೇಲಿನ ಆಫೀಸಿನಿಂದ ತನಿಖೆಗೆ ಬಂದವರೆಂದು ತೀರ್ಮಾನಿಸಿದರು. ಆವತ್ತಿನ ಪಾಠ ಹೇಗಿತ್ತೆನ್ನುತ್ತೀರಿ! ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಭೂಪಟ, ಗಂಟಲಿನ ನರ ಉಬ್ಬಿಸಿ ಮಾನ್ಸೂನ್ ಮಾರುತ, ಒಂದು ವಾರದ ಪಾಠ ಒಂದೇ ಗಂಟೆಯಲ್ಲಿ. ಹುಡುಗರೂ ಹೆದರಿ ಉಸಿರು ಬಿಡಲಿಲ್ಲ. ಗಂಟೆ ಹೊಡೆದ ಮೇಲೆ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಅವಳ ಹತ್ತಿರ ಬಂದರು.

"ಮೇಡಂ, ತಾವು ಯಾವ ಕಡೆಯಿಂದ ಬಂದಿದ್ದು?"

"ಪಿರಿಯಾಪಟ್ಣದ ಕಡೆಯಿಂದ ಸಾರ್. ಫಸ್ಟ್ ಬಿ.ಎ. ಸಬ್ಜೆಕ್ಟ್ ನಂದಲ್ಲ, ಸುಮ್ಕೆ ಕುಂತಿದ್ದೀನಿ."

ಮೇಷ್ಟ್ರು ಬೈಯಬೇಕಿತ್ತು. ಆದರೆ ಅಷ್ಟು ಗದ್ದಲದ ಕ್ಲಾಸು ಅಷ್ಟು ತಣ್ಣಗೆ ಕೂತದ್ದನ್ನು ಅವರು ಅಂದೇ ಮೊದಲ ಸಲ ಕಂಡಿದ್ದು. "ನಾಳೆನೂ ಬನ್ನಿ" ಎಂದರು.

ಟೈಪಿಂಗಿನವರಿಗೆ ಮಾತ್ರ ಅಂಥ ಅದೃಷ್ಟವಿರಲಿಲ್ಲ. ರಾಗಿ ಬೀಸಿ, ಹೊಗೆಸೊಪ್ಪು ಕಟ್ಟಿ ಗಟ್ಟಿಯಾದ ಬೆರಳುಗಳು ಅತ್ತೆಯವು. ಅವಳು ಕೀಲಿ ಒತ್ತಿದರೆ ಹಾಳೆಯ ಮೇಲೆ ಅಕ್ಷರ ಮೂಡುತ್ತಿರಲಿಲ್ಲ, ತೂತು ಬೀಳುತ್ತಿತ್ತು. ಅಲ್ಲಿನ ಮೇಷ್ಟ್ರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಸ್ಪೆಲ್ಲಿಂಗ್ ಎಲ್ಲಾ ಸರಿಯಾಗೈತೆ ಕಣಮ್ಮ. ಆದ್ರೆ ಆಫೀಸಲ್ಲಿ ಬಿಸಿಲು ಇಲ್ದಿದ್ರೆ ಓದಕ್ಕಾಗಲ್ಲ" ಎಂದರು.

ಹಿಂದಿ ಅಭ್ಯಾಸ ನಡೆಯುತ್ತಿದ್ದುದು ಸಂಜೆಯ ಬಸ್ಸಿನಲ್ಲಿ. ಆ ಬಸ್ಸು ಬೈಲಕುಪ್ಪೆಯ ಮೇಲೆ ಹೋಗುವುದರಿಂದ ಅಲ್ಲಿನ ಟಿಬೆಟಿಯನ್ನರು ಹತ್ತುತ್ತಿದ್ದರು. ಅವರ ಪೈಕಿ ಸೊಂಟಕ್ಕೆ ಪಟ್ಟೆ ಪಟ್ಟೆಯ ಬಟ್ಟೆ ಕಟ್ಟಿದ ಒಬ್ಬ ಹೆಂಗಸಿನ ಪಕ್ಕ ಅತ್ತೆ ಒಂದು ದಿನ ಜಾಗ ಮಾಡಿಕೊಂಡು ಕೂತಳು. ಇಂಥ ಅವಕಾಶ ಬಿಡುವುದುಂಟೇ? ಹುಣಸೂರು ದಾಟುವವರೆಗೆ ಮನಸ್ಸಿನಲ್ಲೇ ವಾಕ್ಯ ಜೋಡಿಸಿ, ಗಂಟಲು ಸರಿಮಾಡಿಕೊಂಡು, ನೀವು ಎಲ್ಲಿಗೆ ಹೋಗುತ್ತೀರಿ, ನಿಮ್ಮ ಮನೆಯಲ್ಲಿ ಎಷ್ಟು ಜನ, ನಿಮ್ಮಲ್ಲಿ ಈ ವರ್ಷ ಜೋಳ ಹೇಗೆ ಎಂದು ಹಿಂದಿಯಲ್ಲಿ ಒಂದೇ ಸಮ ಕೇಳಿದಳು. ಆ ಹೆಂಗಸು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು ಹೇಳಿದರು:

"ಕನ್ನಡದಲ್ಲೇ ಏಳಿ ಅಕ್ಕ. ನಾನು ಉಟ್ಟಿದ್ದೇ ಇಲ್ಲಿ. ಜೋಳಕ್ಕೆ ಈ ಸಲ ಅಂದಿ ಕಾಟ ಕಣಕ್ಕ."

ಅವತ್ತಿನಿಂದ ಅವರಿಬ್ಬರೂ ಸ್ನೇಹಿತೆಯರಾದರು. ಹಂದಿ, ಜೋಳ, ಮಂಡಿನೋವು, ಎಲ್ಲವೂ ಶುದ್ಧ ಪಿರಿಯಾಪಟ್ಟಣದ ಕನ್ನಡದಲ್ಲಿ. ಆ ವರ್ಷ ಹಿಂದಿ ಪರೀಕ್ಷೆಯಲ್ಲಿ ಅತ್ತೆ ಫೇಲಾದಳು.

ಸೋಷಿಯಾಲಜಿ ಕ್ಲಾಸಿನಲ್ಲಿ ಒಮ್ಮೆ ಅವಿಭಕ್ತ ಕುಟುಂಬದ ಪಾಠ ನಡೆಯುತ್ತಿತ್ತು. ಇಂಥ ಕುಟುಂಬದಲ್ಲಿ ವೃದ್ಧರಿಗೂ ರೋಗಿಗಳಿಗೂ ಆಸರೆ ತಾನಾಗಿ ದೊರೆಯುತ್ತದೆ, ಕೆಲಸವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ ಎಂದು ಮೇಷ್ಟ್ರು ಪುಸ್ತಕ ನೋಡಿ ನೋಟ್ಸ್ ಬರೆಸಿದರು. ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದಾಗ ಅತ್ತೆ ಎದ್ದು ನಿಂತಳು.

"ಸಾರ್, ಈ ಪುಸ್ತಕ ಬರ್ದೋರು ಗಂಡಸ್ರಾ?"

"ಹೌದಮ್ಮ, ಯಾಕೆ?"

"ಏನಿಲ್ಲ, ಗೊತ್ತಾಯ್ತು" ಎಂದು ಕೂತು, ಮುಂದಿನ ಸಾಲನ್ನು ಬರೆದುಕೊಂಡಳು.

ಹೀಗೆ ಎರಡು ವರ್ಷ ಸಾಗಿತು. ಕ್ಲಾಸಿನ ಹುಡುಗಿಯರೆಲ್ಲ ಅವಳನ್ನು "ಅತ್ತೆ" ಎಂದೇ ಕರೆಯತೊಡಗಿದ್ದರು. ಲೆಕ್ಚರರುಗಳ ಬಾಯಲ್ಲೂ ಆಗಾಗ ಆ ಮಾತು ಜಾರಿ ಬರುತ್ತಿತ್ತು.

ಮೂರನೇ ವರ್ಷದ ಹೊಗೆಸೊಪ್ಪಿನ ಕಾಲದಲ್ಲಿ, ಮನೆಮಂದಿಗೆಲ್ಲ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲದ ಹೊತ್ತಿನಲ್ಲಿ, ಅವ್ವ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಕಟ್ಟು. ತಿಂಗಳುಗಟ್ಟಲೆ ಏಳುವಂತಿಲ್ಲ. ಹಾಸಿಗೆಯಲ್ಲೇ ಎಲ್ಲ ಆಗಬೇಕು, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು. ಜೊತೆಗೆ ಹೊಲದ ಆಳುಗಳಿಗೆ ಅಡುಗೆ, ದನ, ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ ಮನೆಯ ಕೆಲಸ.

ಆ ಸಂಜೆ ಜಗುಲಿಯಲ್ಲಿ ಎಲ್ಲರೂ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಾಗ ಅಪ್ಪ ವಿಷಯ ತೆಗೆದ.

"ಯಾರಾದ್ರೂ ಒಬ್ರು ಮನೇಲಿರ್ಬೇಕು" ಎಂದ. ಆಮೇಲೆ ನನ್ನ ಕಡೆ ನೋಡಿದ. "ನಿಮ್ಮತ್ತೆಗೆ ಮೈತುಂಬ ಓದವೆ. ಅದು ಇದು ಅಂತ ಎಲ್ಲಾ ಅಚ್ಕೊಂಡವಳೆ. ನಿಂದು ಅಗುರ, ಮೂರೇಯ. ಈ ವರ್ಷ ನೀನು ಬುಡವ್ವ. ಬರೋ ವರ್ಷ ಬರಿಯವಂತೆ."

ಅಪ್ಪ ಗದರಲಿಲ್ಲ. ಗದರಿದ್ದರೆ ಜಗಳವಾಡಬಹುದಿತ್ತು. ಮಲಗಿದ್ದವಳು ನನ್ನವ್ವ, ಅಪ್ಪನ ಮಾತು ನ್ಯಾಯವಾಗಿಯೇ ಕಾಣುತ್ತಿತ್ತು. ನಾನು ತಲೆಯಾಡಿಸಿದೆ. ಅತ್ತೆ ಸೊಪ್ಪು ಕಟ್ಟುತ್ತಲೇ ಇದ್ದಳು. ಮಾತಿಗೆ ಯಾವತ್ತೂ ಬರವಿಲ್ಲದವಳು ಅವತ್ತು ಹಾಗೆ ಬಾಯಿ ಮುಚ್ಚಿ ಕೂತದ್ದು ನೋಡಿ ನನಗೆ ಒಳಗೊಳಗೇ ಸಂಕಟವಾಯಿತು. ಇವಳಾದರೂ ನನ್ನ ಪರವಾಗಿ ಒಂದು ಮಾತು ಆಡಬಾರದಿತ್ತೇ?

ಬೆಳಿಗ್ಗೆ ಒಲೆ ಹಚ್ಚಲೆಂದು ನಾನು ಬೇಗ ಎದ್ದೆ. ಒಲೆ ಆಗಲೇ ಉರಿಯುತ್ತಿತ್ತು. ಅತ್ತೆ ಹಳೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ರಾಗಿ ಮುದ್ದೆಗೆ ಹಿಟ್ಟು ತೊಳೆಸುತ್ತಿದ್ದಳು. ಬಾಗಿಲ ಪಕ್ಕ ನನ್ನ ಊಟದ ಡಬ್ಬಿ, ಪುಸ್ತಕದ ಚೀಲ.

"ಅತ್ತೆ, ನಿಂಗೆ ಬಸ್ಸಿಗೆ ಒತ್ತಾಯ್ತು."

"ನಂಗಲ್ಲ, ನಿಂಗೆ. ಮೊಕ ತೊಳ್ಕೊ."

"ನಿಂದು ಅಷ್ಟೊಂದವೆ. ನಂದು ಮೂರೇ ಅಲ್ವ, ಬುಟ್ರೂ ನಡೀತದೆ."

"ಮೂರಾದ್ರೂ ನಿನ್ನವೇ ತಾನೆ" ಎಂದಳು. ಕೋಲಿನಿಂದ ಹಿಟ್ಟು ತಿರುವುತ್ತ, ನನ್ನ ಮುಖ ನೋಡದೆಯೇ ಮುಂದುವರಿಸಿದಳು. "ಆವಾಗ್ಲೂ ಬರೋ ವರ್ಷ ಓಗವಂತೆ ಅಂತ್ಲೇ ಅಂದಿದ್ರು ಕಣ್ ಮಗ. ನಮ್ಮವ್ವನ್ನ ನೋಡ್ಕಂಡಿದ್ದಕ್ಕೆ ನಂಗೇನೂ ಬ್ಯಾಸರ ಇಲ್ಲ. ಆದ್ರೆ ಆ ಬರೋ ವರ್ಷ ಅನ್ನೋದು ಎಷ್ಟು ಉದ್ದ ಅಂತ ನಂಗೊತ್ತು. ನೀನು ನೋಡದು ಬ್ಯಾಡ."

ಹಿತ್ತಲ ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು, ಕೆಮ್ಮಿ, ಹೊಲದ ಕಡೆ ಹೋದ.

ಅವತ್ತು ಬಸ್ಸಿನಲ್ಲಿ ಒಬ್ಬಳೇ ಕೂತು ಹೋದೆ. ನನ್ನ ಮೂರು ಕ್ಲಾಸು ಮುಗಿದವು. ಮಧ್ಯಾಹ್ನದ ಬಸ್ಸಿಗೆ ಬೇಕಾದಷ್ಟು ಸಮಯವಿತ್ತು. ನಾನು ಎರಡು ವರ್ಷ ಕಾದಿದ್ದ ಮಧ್ಯಾಹ್ನ ಅದು. ಆದರೆ ಕಾಲು ಮಾತ್ರ ಜಾಗ್ರಫಿ ಕ್ಲಾಸಿನ ಕಡೆ ಹೋಯಿತು. ಕೊನೇ ಬೆಂಚಿನಲ್ಲಿ ಕೂತು ನೋಟ್ ಬುಕ್ ತೆಗೆದೆ. ಮೇಷ್ಟ್ರು ಗುರುತು ಹಿಡಿದರು.

"ನಿಮಗೆ ಜಾಗ್ರಫಿ ಇಲ್ವಲ್ಲಮ್ಮ?"

"ಇಲ್ಲ ಸಾರ್. ನಮ್ಮತ್ತೆಗಿದೆ."

"ಅವರಿಗೂ ಇಲ್ವಲ್ಲ" ಎಂದರು. ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕು, ಯಾಕೋ ನಡುವೆ ನಿಲ್ಲಿಸಿ, "ಬರ್ಕೊಳ್ಳಿ, ಅವರಿಗೆ ನಕ್ಷೆ ಬೇಕಾಗುತ್ತೆ, ನಿಧಾನಕ್ಕೆ ಹಾಕ್ತೀನಿ" ಎಂದು ಬೋರ್ಡಿನ ಕಡೆ ತಿರುಗಿದರು.

ಹೀಗೆ ಭೂಮಿಯ ಮೇಲಿನ ಅತಿ ಹಗುರವಾದ ಕಾಂಬಿನೇಷನ್ನನ್ನು ಹುಡುಕಿ ಆರಿಸಿಕೊಂಡಿದ್ದ ನಾನು ಜಾಗ್ರಫಿಗೂ ಹೋದೆ, ಹಿಂದಿಗೂ ಹೋದೆ. ಟೈಪಿಂಗ್ ಒಂದನ್ನು ಬಿಟ್ಟೆ, ಅಲ್ಲಿನ ಯಂತ್ರಗಳಿಗೂ ಸ್ವಲ್ಪ ವಿಶ್ರಾಂತಿ ಬೇಕಿತ್ತು. ಸಂಜೆ ಬಂದು ಅಂದಿನ ಪಾಠವನ್ನೆಲ್ಲ ಅತ್ತೆಗೆ ಒಪ್ಪಿಸುವುದು. ಅವಳು ಅವ್ವನ ಬೆನ್ನಿಗೆ ಪೌಡರ್ ಹಾಕುತ್ತಲೋ ಸೊಪ್ಪು ಬಿಡಿಸುತ್ತಲೋ ಕೇಳಿಸಿಕೊಳ್ಳುತ್ತಿದ್ದಳು, ಅರ್ಥವಾಗದಿದ್ದರೆ, "ನಿಮ್ ಮೇಷ್ಟ್ರು ಇಂಗೆ ಏಳಿರಕ್ಕಿಲ್ಲ, ನೀನೇ ನಿದ್ದೆ ಮಾಡಿದ್ದೀಯ" ಎಂದು ಬೈಯುತ್ತಿದ್ದಳು. ಎಲ್ಲಿಗೂ ಎದ್ದು ಹೋಗಲಾಗದ ಅವ್ವನಿಗೂ ಎಲ್ಲ ಪಾಠ ಕಡ್ಡಾಯ. ಒಂದು ದಿನ ನೋಡಲು ಬಂದ ಪಕ್ಕದ ಮನೆಯವರು "ಬೇಡಿಕೆ ಕಮ್ಮಿ, ಸೊಪ್ಪಿನ ರೇಟು ಬಿದ್ದೋಯ್ತು" ಎಂದರೆ, ಅವ್ವ ಮಲಗಿದಲ್ಲಿಂದಲೇ ಅದರ ಎಕನಾಮಿಕ್ಸ್ ವಿವರಿಸಿದಳು. ಕಾಲು ಮುರಿದುಕೊಂಡು ಅರ್ಧ ಬಿ.ಎ. ಮುಗಿಸಿದವಳು ನಮ್ಮವ್ವ ಒಬ್ಬಳೇ ಇರಬೇಕು.

ಅತ್ತೆಯ ಹಾಜರಿ ಸಾಲದೆಂದು ಕಾಲೇಜಿನಿಂದ ಮಾತು ಬಂದಾಗ ಅಪ್ಪ ಯಾರಿಗೂ ಹೇಳದೆ, ಒಗೆದ ಪಂಚೆ ಉಟ್ಟು ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತಿದ್ದನಂತೆ. "ಓದೋ ಎಣ್ಣುಮಗೀನ ಎರಡು ಸತಿ ಮನೇಲಿ ಕೂರಿಸ್ದೋನು ನಾನು ಸಾರ್. ಅದರ್ದು ಏನೂ ತೆಪ್ಪಿಲ್ಲ" ಎಂದನಂತೆ. ಪ್ರಿನ್ಸಿಪಾಲರು ಆಸ್ಪತ್ರೆಯ ಚೀಟಿ ಇಟ್ಟುಕೊಂಡು ಕೊರತೆಯನ್ನು ಮನ್ನಾ ಮಾಡಿಸಿಕೊಟ್ಟರು.

ನಾವಿಬ್ಬರೂ ಪಾಸಾದೆವು. ಅತ್ತೆಗೆ ನನಗಿಂತ ಸ್ವಲ್ಪ ಹೆಚ್ಚೇ ಅಂಕ ಬಂದವು. ಈಗ ಪಿರಿಯಾಪಟ್ಟಣದಲ್ಲಿ ಮನೆಪಾಠ ಹೇಳುತ್ತಾಳೆ. ಯಾವ ಸಬ್ಜೆಕ್ಟು ಎಂದು ಕೇಳಿದರೆ, "ಯಾವ್ದ್ ಬೇಕು?" ಎನ್ನುತ್ತಾಳೆ.

ಆದರೆ ಅತ್ತೆ ಎಂದ ಕೂಡಲೇ ನನಗೆ ಮೊದಲು ನೆನಪಾಗುವುದು ಇದ್ಯಾವುದೂ ಅಲ್ಲ. ಅವ್ವ ಗೋಡೆ ಹಿಡಿದು ನಡೆಯತೊಡಗಿದ ಮೇಲೆ ಅತ್ತೆ ಮತ್ತೆ ಕಾಲೇಜಿಗೆ ಹೊರಟ ಮೊದಲ ಬೆಳಿಗ್ಗೆ. ಕಿಟಕಿಯ ಪಕ್ಕ ಕೂತು, ಬಸ್ಸು ಹೊರಟೊಡನೆ ಪುಸ್ತಕ ತೆರೆದಳು. ಒಂದು ಪುಟ ತಿರುವಿದಳು. ಎರಡನೆಯದನ್ನು ತಿರುವಲಿಲ್ಲ. ನೋಡಿದರೆ ನಿದ್ದೆ ಬಂದಿತ್ತು. ಬಸ್ಸು ಒಂದು ತಿರುವಿನಲ್ಲಿ ವಾಲಿದಾಗ ತಲೆ ನಿಧಾನವಾಗಿ ನನ್ನ ಹೆಗಲ ಮೇಲೆ ಬಂತು. ನೆತ್ತಿಯಲ್ಲಿ ಬಿಳಿಕೂದಲು ಹೆಚ್ಚಾಗಿದ್ದವು. ನಾನು ಅದನ್ನು ಅವತ್ತಿನವರೆಗೆ ಗಮನಿಸಿರಲಿಲ್ಲ.

ಹುಣಸೂರು ಬಂತು. ಜನ ಇಳಿದರು, ಮೈಸೂರಿಗೆ ಹೋಗುವವರು ಹತ್ತಿದರು. ಕಂಡಕ್ಟರು ನಮ್ಮ ಸೀಟಿನ ಹತ್ತಿರ ಬಂದು, "ಕಾಲೇಜಿನೋರು ಇಳೀಲಿಲ್ವ?" ಎಂದ. ನಾನು ಅಲುಗಾಡದೆ, ಮೆಲ್ಲಗೆ, "ಮೈಸೂರಿಗೆ ಎರಡು ಕೊಡಿ" ಎಂದೆ. ಅವನು ನನ್ನನ್ನು ನೋಡಿದ, ಅತ್ತೆಯನ್ನು ನೋಡಿದ. ಟಿಕೆಟ್ ಹರಿದು ನನ್ನ ಕೈಗಿಟ್ಟು, ಎಂದಿನಂತೆ ಸೀಟಿ ಊದಲು ಬಾಯಿಗೆ ಇಟ್ಟವನು ಅದನ್ನು ಕೆಳಗಿಳಿಸಿ, ಬಾಗಿಲನ್ನು ಮೆತ್ತಗೆ ಎರಡು ಸಲ ತಟ್ಟಿದ.